ಎಡಗಡೆಯ ಬಿಳಿ ಕೋಟುಗಳು

ಕ್ರಿಕೆಟ್ ಬಗ್ಗೆ ಕೋಟಿನಮ್ಮನಿಗೆ ಗೊತ್ತಿದ್ದದ್ದು ಒಂದೇ ವಿಷಯ: ಚೆಂಡು ಬಟ್ಟೆಗೆ ಬಡಿದರೆ ಕಲೆಯಾಗುತ್ತದೆ. ಉಳಿದದ್ದನ್ನು ತಿಳಿದುಕೊಳ್ಳಲು ಆಕೆಗೆ ಪುರುಸೊತ್ತೂ ಇರಲಿಲ್ಲ, ಆಸೆಯೂ ಇರಲಿಲ್ಲ. ಮನೆಯಲ್ಲಿ ಆ ವಿದ್ಯೆಯನ್ನೆಲ್ಲ ಗಂಡನೇ ಗುತ್ತಿಗೆ ಹಿಡಿದಿದ್ದ. ಅವನು ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಒತ್ತುವವನು. ಎಡಗೈಯಲ್ಲಿ ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ಬಲಗೈಯಲ್ಲಿ ಮುದ್ರೆ ಒತ್ತುತ್ತಿದ್ದ. ವಿಕೆಟ್ ಬಿದ್ದಾಗ ಮುದ್ರೆಯೂ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ, ಕೆಲವರ ವಿಳಾಸವೇ ಅಳಿಸಿಹೋಗಿ ಕಾಗದಗಳು ಊರೂರು ಸುತ್ತಿದ್ದುಂಟು.

ಆಕೆಯದು ಹೊಲಿಗೆ ಕೆಲಸ. ಅದರಲ್ಲೂ ಒಂದೇ ನಮೂನೆ: ಆಸ್ಪತ್ರೆಯವರ ಬಿಳಿ ಕೋಟು. ಹೊಲಿದಾದ ಮೇಲೆ ಸೀಮೆಸುಣ್ಣದ ಗುರುತು, ಮೆಷಿನ್ ಎಣ್ಣೆಯ ಕಲೆ ಹೋಗುವಂತೆ ಒಗೆದು, ಗಂಜಿಯಲ್ಲಿ ಅದ್ದಿ, ಮನೆ ಮುಂದಿನ ತಂತಿಯ ಮೇಲೆ ಒಣಗಿಸಿ, ಇಸ್ತ್ರಿ ಮಾಡಿ ಒಪ್ಪಿಸಬೇಕು. ಆಸ್ಪತ್ರೆಯ ಉಗ್ರಾಣದವನ ಕಣ್ಣು ಹದ್ದಿನ ಕಣ್ಣು. ಸಾಸಿವೆಯಷ್ಟು ಕಲೆ ಕಂಡರೂ ಕೋಟನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಕೊಡುವ ಹಾಗೆ ವಾಪಸ್ ಕೊಡುತ್ತಿದ್ದ.

ಆಕೆ ಇದ್ದ ಓಣಿಯ ಬಲಗಡೆ ಉದ್ದಕ್ಕೂ ಒಂದು ಗೋದಾಮಿನ ಗೋಡೆ. ಎಡಗಡೆ ಆಕೆಯ ಮನೆ, ಮನೆ ಮುಂದೆ ತಂತಿ, ತಂತಿಯ ಮೇಲೆ ತೋಳು ಚಾಚಿಕೊಂಡ ಕೋಟುಗಳ ಸಾಲು. ಎರಡರ ನಡುವೆ ಹುಡುಗರ ಕ್ರಿಕೆಟ್ಟು. ಇನ್ನು ಏನಾಗಬೇಕೋ ಅದು ಆಗಿಯೇ ಆಗುತ್ತದೆ. ಒಂದು ಮಧ್ಯಾಹ್ನ ಯಾವನೋ ಬೀಸಿದ ರಬ್ಬರ್ ಚೆಂಡು ಮೈತುಂಬ ಕೆಸರು ಮೆತ್ತಿಕೊಂಡು ಬಂದು ಮೂರು ಕೋಟುಗಳಿಗೆ ಸಾಲಾಗಿ ಮುತ್ತಿಟ್ಟಿತು. ಕೋಟಿನಮ್ಮ ಕೈಯಲ್ಲಿದ್ದ ಕತ್ತರಿಯ ಸಮೇತ ಹೊರಗೆ ಬಂದಳು. ಚೆಂಡನ್ನು ಎತ್ತಿಕೊಂಡು ಸಲೀಸಾಗಿ ಎರಡು ಹೋಳು ಮಾಡಿದಳು.

"ತಗೊಳ್ರೋ, ಆ ತಂಡಕ್ಕೆ ಅರ್ಧ, ಈ ತಂಡಕ್ಕೆ ಅರ್ಧ. ಜಗಳ ಮಾಡ್ದೆ ಆಡ್ಕೊಳ್ಳಿ."

ಅಂದಿನಿಂದ ಓಣಿಗೆ ಒಂದು ಕಾನೂನು ಬಂತು. ಎಡಗಡೆ ಹೊಡೆದವನು ಔಟು.

ಉಳಿದ ಹುಡುಗರು ಆ ಕಾನೂನನ್ನು ಪಾಲಿಸಿದರು, ಮರೆತರು, ಮುರಿದರು, ಮುರಿದು ಓಡಿಹೋದರು. ಕೋಟಿನಮ್ಮನ ಮಗ ಓಡುವುದಾದರೂ ಎಲ್ಲಿಗೆ? ಊಟಕ್ಕೆ ಬರಬೇಕಾದದ್ದು ಅದೇ ಮನೆಗೆ. ಮೈಯಲ್ಲಿ ಮಾಂಸವಿಲ್ಲದ್ದಕ್ಕೆ ಅವನನ್ನು ಓಣಿಯವರೆಲ್ಲ ಕಡ್ಡಿ ಎಂದು ಕರೆಯುತ್ತಿದ್ದರು, ಹೆತ್ತವರೂ ಹಾಗೇ ಕರೆಯುತ್ತಿದ್ದರು. ಈ ಕಡ್ಡಿ ತನಗೆ ಎಡಗಡೆ ಎಂಬುದೊಂದಿದೆ ಎನ್ನುವುದನ್ನೇ ಮರೆತುಬಿಟ್ಟ. ಚೆಂಡು ಕಾಲಿನ ಮೇಲೆ ಬಂದರೆ ಸುಮ್ಮನೆ ತಡೆಯುವನು; ಬಲಗಡೆ ಬಂದರೆ ಗೋದಾಮಿನ ಸುಣ್ಣ ಉದುರುವಂತೆ ಬಾರಿಸುವನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತಾರೆ. ಈ ಗಿಡ ಎಷ್ಟು ಚೆನ್ನಾಗಿ ಬಗ್ಗಿತೆಂದರೆ, ಮರವಾದ ಮೇಲೂ ಒಂದೇ ಕಡೆಗೆ ವಾಲಿಕೊಂಡಿತ್ತು.

ಮರವಾಗುವುದಕ್ಕೇನೂ ತಡವಾಗಲಿಲ್ಲ. ಶಾಲೆ, ಕ್ಲಬ್ಬು, ಪ್ರಾಂತ್ಯ ಎಂದು ಒಂದೊಂದೇ ಮೆಟ್ಟಿಲು ಹತ್ತಿ, ಮೀಸೆ ಸರಿಯಾಗಿ ಮೂಡುವ ಮೊದಲೇ ಕಡ್ಡಿ ದೇಶದ ತಂಡಕ್ಕೆ ಆಯ್ಕೆಯಾದ. ಸುದ್ದಿ ಬಂದ ದಿನ ಗಂಡ ಖುಷಿಯಲ್ಲಿ ತನ್ನ ಅಂಗೈಗೇ ಮುದ್ರೆ ಒತ್ತಿಕೊಂಡು ಮನೆಗೆ ಓಡಿಬಂದ.

"ಕೇಳಿದೇನೇ? ದೇಶಕ್ಕೆ ಆಡ್ತಾನಂತೆ ಕಣೇ ನಮ್ಮ ಕಡ್ಡಿ! ಅಂತಾರಾಷ್ಟ್ರೀಯ!"

"ಬಟ್ಟೆ ಯಾವ ಬಣ್ಣದ್ದು ಕೊಡ್ತಾರೆ?"

"ಬಿಳಿ."

"ಅಯ್ಯೋ ಕರ್ಮವೇ" ಎಂದಳು ಕೋಟಿನಮ್ಮ. "ಒಗೆಯೋರ್ ಯಾರಂತೆ?"

ಮೊದಲ ಪಂದ್ಯದಲ್ಲಿ ಕಡ್ಡಿ ಎಂಬತ್ತು ಚಿಲ್ಲರೆ ರನ್ ಹೊಡೆದ. ಒಂದೊಂದು ಹೊಡೆತವೂ ಬಲಗಡೆಗೆ, ಹಸಿರು ಹುಲ್ಲನ್ನು ಗೆರೆ ಹಾಕಿ ಸೀಳಿದಂತೆ. ಟೀವಿಯಲ್ಲಿ ವಿವರಣೆ ಕೊಡುತ್ತಿದ್ದ ಮಾಜಿ ಆಟಗಾರನಿಗೆ ಮೈಮೇಲೆ ಎಚ್ಚರವೇ ಉಳಿಯಲಿಲ್ಲ. "ನೋಡಿ ಈ ಹುಡುಗನ ಸಂಯಮ! ಕಾಲಿನ ಮೇಲೆ ಬಂದ ಚೆಂಡಿಗೆ ಈ ಕಾಲದ ಹುಡುಗರು ಬಾಯಿ ಬಿಡ್ತಾರೆ. ಇವನು ಮುಟ್ಟಲೂ ಇಲ್ಲ! ಇದು ಮನೆಯಲ್ಲಿ ಕಲಿಸಿದ ಶಿಸ್ತು, ಸ್ವಾಮಿ!"

ಆ ಒಂದು ಮಾತು ಮಾತ್ರ ಕೋಟಿನಮ್ಮನಿಗೆ ಪೂರ್ತಿ ಅರ್ಥವಾಯಿತು. ಮರುದಿನ ಕೋಟುಗಳನ್ನು ಒಪ್ಪಿಸಲು ಹೋದಾಗ ಉಗ್ರಾಣದವನ ಮುಂದೆ, ಅವನ ಹಿಂದೆ ನಿಂತಿದ್ದ ದಾದಿಯರ ಮುಂದೆ, ಸಾಲದ್ದಕ್ಕೆ ಮದ್ದು ತೆಗೆದುಕೊಳ್ಳಲು ಬಂದಿದ್ದ ಗುರುತಿಲ್ಲದ ರೋಗಿಗಳ ಮುಂದೆಯೂ ಹೇಳಿದಳು: "ನನ್ ಮಗ ಎಡಗಡೆ ಹೊಡೆಯೋದೇ ಇಲ್ಲ. ಎಂಥಾ ಚೆಂಡು ಬರ್ಲಿ. ನಾನೇ ಕಲ್ಸಿದ್ದು."

ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ ಇರಬೇಕು. ಮಾಜಿ ಆಟಗಾರನ ಮಾತು ಎದುರಾಳಿಗಳ ಕಿವಿಗೂ ಬಿದ್ದಿತ್ತು. ಮುಂದಿನ ಪ್ರವಾಸದಲ್ಲಿ ಅವರ ಬೌಲರುಗಳು ಬಲಗಡೆಗೆ ಒಂದೇ ಒಂದು ಚೆಂಡು ಕೊಟ್ಟಿದ್ದರೆ ಕೇಳಿ. ಎಲ್ಲವೂ ಕಾಲಿಗೆ, ಪ್ಯಾಡಿಗೆ, ಸೊಂಟಕ್ಕೆ. ಕಡ್ಡಿ ತಡೆದ, ತಡೆದ, ತಡೆದೂ ತಡೆದೂ ಔಟಾದ. ಒಮ್ಮೆ ನಾಲ್ಕು ರನ್ನಿಗೆ, ಒಮ್ಮೆ ಸೊನ್ನೆಗೆ, ಮತ್ತೊಮ್ಮೆ ಒಂಬತ್ತಕ್ಕೆ. ಟೀವಿಯವರು ಅವನು ಹೊಡೆದ ರನ್ನುಗಳನ್ನೆಲ್ಲ ಮೈದಾನದ ಚಿತ್ರದ ಮೇಲೆ ಗೆರೆ ಎಳೆದು ತೋರಿಸಿದರು. ಬಲಗಡೆ ಗಿಜಿಗಿಜಿ ಗೆರೆಗಳು, ಎಡಗಡೆ ಬಟಾಬಯಲು. ಅದನ್ನು ಕಂಡ ಕೋಟಿನಮ್ಮನಿಗೆ ಒಂದೇ ತೋಳು ಹೊಲಿದಿಟ್ಟ ಕೋಟು ನೆನಪಾಗಿ ಕಸಿವಿಸಿಯಾಯಿತು.

"ಇದು ಸಂಯಮ ಅಲ್ಲ, ಪುಕ್ಕಲುತನ" ಎಂದ ಅದೇ ಮಾಜಿ ಆಟಗಾರ. "ಮನೆಯಲ್ಲಿ ಏನು ಕಲಿಸಿದಾರೋ!"

ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಕೋಟಿನಮ್ಮ ಎದ್ದು ಹೋಗಿ ಟೀವಿ ಆರಿಸಿದಳು.

ಆಯ್ಕೆ ಮಾಡುವವರು ಕಡ್ಡಿಗೆ ಇನ್ನೊಂದೇ ಒಂದು ಪಂದ್ಯ ಕೊಟ್ಟರು. ಅದೂ ಅವನ ಸ್ವಂತ ಊರಿನ ಮೈದಾನದಲ್ಲಿ. ಅಲ್ಲಿಯೂ ಮುಗ್ಗರಿಸಿದರೆ ತಂಡದಿಂದ ಹೊರಗೆ, ಮತ್ತೆ ಯಾವಾಗ ಒಳಗೆ ಎಂದು ಕೇಳುವ ಹಾಗಿಲ್ಲ. ಕಡ್ಡಿ ಮನೆಗೆ ಬಂದವನು ಊಟದ ತಟ್ಟೆಯ ಬಲಗಡೆಯದ್ದನ್ನಷ್ಟೇ ತಿಂದು ಎದ್ದುಹೋದ. ತಾಯಿಗೆ ಅದೂ ಕಣ್ಣಿಗೆ ಬಿತ್ತು.

ಪಂದ್ಯಕ್ಕೆ ಒಂದು ವಾರ ಇರುವಾಗ ತಂಡದ ಕೋಚ್ ಮನೆ ಹುಡುಕಿಕೊಂಡು ಬಂದ. ದಪ್ಪನೆಯ, ಮೆತ್ತಗೆ ಮಾತಾಡುವ ಮನುಷ್ಯ. ಕೊರಳಲ್ಲಿ ಸದಾ ಒಂದು ಸೀಟಿ. ಮಾತು ಸಾಲದಾದಾಗ ಅದನ್ನು ಊದುವ ಅಭ್ಯಾಸ ಅವನಿಗೆ.

"ಅಮ್ಮಾ, ನಿಮ್ ಮಗ ಅಭ್ಯಾಸಕ್ಕೆ ಅಂತ ಕಟ್ಟಿರೋ ಬಲೆಯೊಳಗೆ ಎಡಗಡೆ ಹೊಡೀತಾನೆ. ಕಣ್ಣಿಗೆ ಹಬ್ಬ, ಹಾಗೆ ಹೊಡೀತಾನೆ. ಮೈದಾನಕ್ಕೆ ಇಳಿದ್ರೆ ಮಾತ್ರ ಕೈ ಕಟ್ಟಿ ಹಾಕಿದ ಹಾಗಾಗುತ್ತೆ. ಯಾಕೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವನು ಚಿಕ್ಕವನಾಗಿದ್ದಾಗ ಆಡಿದ ಜಾಗ ಒಮ್ಮೆ ನೋಡೋಣ ಅಂತ ಬಂದೆ."

"ನೋಡೋಕೇನಿದೆ, ಇದೇ ಓಣಿ" ಎಂದಳು ಕೋಟಿನಮ್ಮ.

ಕೋಚ್ ಚಹಾದ ಲೋಟ ಹಿಡಿದುಕೊಂಡೇ ಓಣಿಗೆ ಇಳಿದ. ಹುಡುಗರು ಬ್ಯಾಟ್ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲಿ ತಾನೂ ಸೊಂಟ ಬಗ್ಗಿಸಿ ನಿಂತ. ಲೋಟವನ್ನೇ ಬ್ಯಾಟಿನಂತೆ ಬಲಗಡೆಗೆ ಬೀಸಿ ಗೋಡೆ ನೋಡಿದ. ಎಡಗಡೆಗೆ ಬೀಸಲು ತಿರುಗಿದ. ಅಲ್ಲಿ ಗಂಜಿ ಹಾಕಿದ ಆರು ಕೋಟುಗಳು ಸೆಟೆದು ನಿಂತು ಅವನನ್ನೇ ನೋಡುತ್ತಿದ್ದವು. ಕೋಚ್ ಸೀಟಿಯನ್ನು ಬಾಯಿಗಿಟ್ಟು ಉದ್ದಕ್ಕೆ ಊದಿದ.

"ಅಮ್ಮಾ, ಇವು ಯಾವಾಗ್ಲೂ ಇಲ್ಲೇ ಇರ್ತಾವಾ?"

"ಮತ್ತೆಲ್ಲಿರ್ಬೇಕು? ಕೋಟು ಬಿಸಿಲಿಗೆ ಬರ್ಬೇಕೇ ಹೊರತು ಬಿಸಿಲು ಕೋಟಿನ ಹತ್ರ ಬರುತ್ತಾ?"

"ಮೈದಾನದಲ್ಲಿ ಇಬ್ಬರು ಅಂಪೈರುಗಳಿರ್ತಾರೆ. ಒಬ್ಬರು ಬೌಲರ್ ಹತ್ರ. ಇನ್ನೊಬ್ಬರು ನಿಮ್ ಮಗನ ಎಡಗಡೆ, ಹೆಚ್ಚುಕಮ್ಮಿ ಇಷ್ಟೇ ದೂರದಲ್ಲಿ. ಉದ್ದ ಬಿಳಿ ಕೋಟು ಹಾಕ್ಕೊಂಡು." ಕೋಚ್ ಲೋಟದಿಂದ ತಂತಿಯನ್ನು ತೋರಿಸಿದ. "ಅಭ್ಯಾಸದ ಬಲೆಯೊಳಗೆ ಅಂಪೈರ್ ಇರಲ್ಲ."



"ಹಾಗಾದ್ರೆ ತಪ್ಪು ನಂದಾ?" ಎಂದು ಕೋಟಿನಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಕೋಚ್ ಚಹಾ ಕುಡಿಯತೊಡಗಿದ. ಆಕೆ ಗಂಡನ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಆ ಮನುಷ್ಯ ಕೂಡ ನೆಲ ನೋಡುತ್ತ ನಿಂತಿದ್ದ.

ತಪ್ಪೆಂದು ತಿಳಿದ ಮೇಲೆ ಕೈಕಟ್ಟಿ ಕೂರುವ ಹೆಂಗಸಲ್ಲ ಅವಳು. ಮಗನನ್ನು ಬದಲಾಯಿಸುವುದಕ್ಕಿಂತ ಅಂಪೈರನ್ನು ಬದಲಾಯಿಸುವುದು ಸುಲಭವೆಂದು ತೋರಿತು. ಮರುದಿನ ಸಂಜೆಯೊಳಗೆ ಬೂದು ಬಣ್ಣದ ಎರಡು ಕೋಟುಗಳನ್ನು ಹೊಲಿದು, ಗಂಡನ ಕೈಯಲ್ಲಿ ಕೊಟ್ಟು ಮೈದಾನದ ಕಚೇರಿಗೆ ಅಟ್ಟಿದಳು. ಅವನು ಹೋದ ಹಾಗೇ ಗಂಟಿನ ಸಮೇತ ತಿರುಗಿ ಬಂದ.

"ಏನಂದ್ರು?"

"ಒಬ್ಬ ಅಂಪೈರು ಹಾಕ್ಕೊಂಡು ನೋಡ್ದ. ಹೊಲಿಗೆ ಬಹಳ ಚೆನ್ನಾಗಿದೆ ಅಂದ. ಕಂಕುಳ ಹತ್ರ ಬಿಗಿ ಇಲ್ಲ ಅಂದ. ನಿಯಮದಲ್ಲಿ ಬಿಳಿ ಅಂತಿದೆ ಅಂತ ಬಿಚ್ಚಿ ಕೊಟ್ಟ."

ಆಮೇಲೆ ಕೋಚೇ ಒಂದು ಉಪಾಯ ಹೇಳಿದ. ಕಡ್ಡಿ ಇದೇ ಓಣಿಯಲ್ಲಿ, ಇದೇ ಕೋಟುಗಳ ಮೇಲೆ, ತಾಯಿಯ ಕಣ್ಣೆದುರಿಗೇ ಚೆಂಡು ಹೊಡೆಯಬೇಕು. ಒಮ್ಮೆ ಕೈ ಬಿಚ್ಚಿತೆಂದರೆ ಬಿಚ್ಚಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕೋಟಿನಮ್ಮ ತಂತಿಗೆ ನಾಲ್ಕು ಹಳೆಯ ಹರಕು ಕೋಟುಗಳನ್ನು ಹಾಕಿದಳು. ಕೋಚ್ ಒಂದು ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡೇ ಚೆಂಡು ಎಸೆದ. ಕಡ್ಡಿ ಆ ಹರಕುಗಳ ಮೇಲೆ ಹಾಗೆ ಬಾರಿಸಿದ, ಹೀಗೆ ಬಾರಿಸಿದ, ಗುಂಡಿಗಳು ಹಾರಿಹೋದವು.

"ಇದು ಲೆಕ್ಕಕ್ಕಿಲ್ಲ" ಎಂದ ಕೋಚ್. "ಹೊಸ ಕೋಟು ಹಾಕಿ, ಅಮ್ಮಾ."

ಕೋಟಿನಮ್ಮ ಮುಖ ಗಂಟಿಕ್ಕಿಕೊಂಡು ಹೊಸ ಕೋಟುಗಳನ್ನು ತಂದು ಹಾಕಿದಳು. ಚೆಂಡು ಬಂತು. ಕಡ್ಡಿ ತಡೆದ. ಮತ್ತೆ ಬಂತು, ಮತ್ತೆ ತಡೆದ.

"ಹೊಡಿಯೋ!" ಎಂದಳು ತಾಯಿ. "ನಾನೇ ಹೇಳ್ತಾ ಇದ್ದೀನಿ, ಹೊಡಿ!"

ಕಡ್ಡಿ ಕಣ್ಣು ಮುಚ್ಚಿಕೊಂಡು ಬೀಸಿದ. ಚೆಂಡು ಮೂರನೆಯ ಕೋಟಿನ ಎದೆಗೆ ಫಟ್ಟೆಂದು ಬಡಿದು ಕೆಂಪನೆಯ ಗುರುತು ಮಾಡಿತು.

"ಅಯ್ಯೋ ನಿನ್ ಕೈ ಸೇದಿಹೋಗ! ಕಣ್ಣು ಕಾಣ್ಸಲ್ವೇನೋ ಮುಂಡೇದೇ!" ಎಂಬ ಕೂಗು ಕೋಟಿನಮ್ಮನ ಗಂಟಲಿನಿಂದ ತಾನೇ ತಾನಾಗಿ ಹೊರಟು ಓಣಿಯ ತುದಿಗೆ ಹೋಗಿ ಮುಟ್ಟಿತು. ಕಡ್ಡಿಯ ಕೈಯಿಂದ ಬ್ಯಾಟು ಜಾರಿ ಬಿತ್ತು. ಕೋಚ್ ಸೀಟಿ ಊದಿದ.

"ನೀನೇ ಹೊಡಿ ಅಂದ್ಯಲ್ಲೇ?" ಎಂದ ಗಂಡ.

"ಹೊಡಿ ಅಂದೆ. ಕಲೆ ಮಾಡು ಅಂದ್ನಾ?"

ಮುಂದಿನ ಸಲ ಆಕೆ ಬಾಯಿಗೆ ಬಟ್ಟೆ ತುರುಕಿಕೊಂಡು ನಿಂತಳು. ಬಾಯಿ ಸುಮ್ಮನಿತ್ತು, ಕಣ್ಣು ಬೈಯುತ್ತಿತ್ತು. ಕೋಚ್ ಕಣ್ಣನ್ನೂ ಮುಚ್ಚಿಕೊಳ್ಳಲು ಹೇಳಿದ. ಮುಚ್ಚಿಕೊಂಡಳು. ಆದರೂ ಚೆಂಡು ಬಡಿಯುವ ಸದ್ದು ಬರಲಿಲ್ಲ. ಬಟ್ಟೆ ತೆಗೆದು ಕಣ್ಣು ಬಿಟ್ಟು ನೋಡಿದರೆ ಕಡ್ಡಿ ಕಟ್ಟೆಯ ಮೇಲೆ ಕೂತಿದ್ದ.

"ಆಗಲ್ಲ ಬಿಡಮ್ಮ."

"ಇಷ್ಟು ಹೆದರ್ತೀಯೇನೋ ನಂಗೆ? ಬೈದ್ರೆ ಸತ್ತು ಹೋಗ್ತೀಯಾ? ನಾನು ಬೈಯದ ದಿನ ಯಾವ್ದಿದೆ ಹೇಳು!"

"ನೀನು ಬೈಯೋದಕ್ಕೆ ಯಾರಮ್ಮ ಹೆದರ್ತಾರೆ?" ಕಡ್ಡಿ ಬ್ಯಾಟಿನ ತುದಿಯಿಂದ ನೆಲ ಕೆರೆಯುತ್ತ ಹೇಳಿದ. "ಅವತ್ತು ಮೂರು ಕೋಟಿಗೆ ಕೆಸರು ಬಡಿದಿತ್ತಲ್ಲ. ನೀನು ಚೆಂಡು ಕತ್ತರಿಸ್ದೆ, ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಒಳಗೆ ಬಂದ್ರೆ ನೀನು ಮೂರನ್ನೂ ಮತ್ತೆ ಒಗೀತಾ ಕೂತಿದ್ದೆ. ಬೆರಳೆಲ್ಲ ಸುಕ್ಕಾಗಿತ್ತು. ಊಟನೂ ಮಾಡಿರ್ಲಿಲ್ಲ. ಒಗೀತಾ ಒಗೀತಾ ಗೋಡೆಗೆ ಒರಗಿ ಹಾಗೇ ನಿದ್ದೆ ಹೋಗಿದ್ದೆ, ಕೈ ನೀರಲ್ಲೇ ಇತ್ತು. ಅದನ್ನ ನೋಡ್ದೆ. ಅವತ್ತಿಂದ ಆ ಕಡೆ ಕೈ ಹೋಗಲ್ಲ. ನಾನೇನ್ ಮಾಡ್ಲಿ?"

ಬೈಗುಳ ಕಾರಣವಾಗಿದ್ದರೆ ಅದಕ್ಕೆ ಮದ್ದಿತ್ತು. ನಾಲ್ಕು ದಿನ ಬಾಯಿ ಬಿಗಿಹಿಡಿದರೆ ಮುಗಿಯಿತು. ಇದಕ್ಕೆ ಏನು ಮಾಡುವುದು? ಇಷ್ಟು ದಿನ ತನ್ನ ಮಗ ತನಗೆ ಹೆದರುತ್ತಾನೆಂದು ಆಕೆ ಊರಿಗೆಲ್ಲ ಸಾರಿಕೊಂಡು ಬಂದಿದ್ದಳು. ಅವನು ಹೆದರಿರಲಿಲ್ಲ, ಮರುಗಿದ್ದ. ಆಕೆಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಎರಡೂ ಒಟ್ಟಿಗೇ ಬಂದದ್ದರಿಂದ ಕೋಚ್ ಮೇಲೆ ರೇಗಿದಳು.

"ಲೋಟ ಕೊಡಿ ಇಲ್ಲಿ, ಎಷ್ಟ್ ಹೊತ್ತು ಹಿಡ್ಕೊಂಡಿರ್ತೀರಿ!"

ಕೋಚ್ ಹೊರಡುವಾಗ ಕೈಮುಗಿದ. "ಅಮ್ಮಾ, ನಿಮ್ಮನ್ನ ಒಂದು ಬೇಡ್ಕೊಳ್ತೀನಿ. ತಪ್ಪು ತಿಳ್ಕೋಬೇಡಿ. ಪಂದ್ಯಕ್ಕೆ ಬರ್ಬೇಡಿ. ಆ ಕೋಟಿನ ಜೊತೆಗೆ ನೀವೂ ಕಂಡ್ರೆ ಹುಡುಗ ಬ್ಯಾಟೇ ಎತ್ತಲ್ಲ."

ಬರುವುದಿಲ್ಲ ಎಂದಳು. ಮೊದಲ ದಿನ ಹೋಗಲಿಲ್ಲ, ಎರಡನೆಯ ದಿನವೂ ಹೋಗಲಿಲ್ಲ. ಕಡ್ಡಿ ಮೊದಲ ಸರದಿಯಲ್ಲಿ ಏಳು ರನ್ನಿಗೆ ಔಟಾದ. ಉಳಿದದ್ದು ಇನ್ನೊಂದು ಸರದಿ. ಮೂರನೆಯ ದಿನ ಮಧ್ಯಾಹ್ನ ಅವನು ಮತ್ತೆ ಆಡಲು ಇಳಿದಿದ್ದಾನೆಂದು ರೇಡಿಯೋ ಹೇಳಿತು. ಆಗ ಕೋಟಿನಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟಳು. ಎದುರಿಗೆ ಆಸ್ಪತ್ರೆಯ ದೊಡ್ಡ ಡಾಕ್ಟರ ಕೋಟು ಇತ್ತು, ಮರುದಿನ ಬೆಳಿಗ್ಗೆ ಒಪ್ಪಿಸಬೇಕಾದದ್ದು, ಹಾಲಿನಷ್ಟು ಬೆಳ್ಳಗೆ. ಅದನ್ನು ಮಡಚಿ ಚೀಲಕ್ಕೆ ಹಾಕಿದಳು.

"ನಡೀರಿ" ಎಂದಳು ಗಂಡನಿಗೆ.

"ಎಲ್ಲಿಗೇ? ಕೋಚ್ ಬೇಡ ಅಂದಿದ್ದಾನೆ!"

"ಅವನ್ನ ಹೆತ್ತೋಳು ನಾನು, ಕೋಚ್ ಅಲ್ಲ."

ಆಟಗಾರರ ಮನೆಯವರಿಗೆಂದು ಇಟ್ಟಿದ್ದ ಕುರ್ಚಿಗಳು ಮೈದಾನಕ್ಕೆ ಇಳಿಯುವ ಮೆಟ್ಟಿಲಿಗೆ ಅಂಟಿಕೊಂಡಂತೆ ಇದ್ದವು. ನಡುವೆ ಒಂದು ಕಬ್ಬಿಣದ ಕಂಬಿ, ಅಷ್ಟೇ. ಕೋಟಿನಮ್ಮ ಕೂತ ಕೂಡಲೇ ಕೇಳಿದ ಮೊದಲ ಪ್ರಶ್ನೆ: "ಎಡಗಡೆ ಕೋಟಿನವನು ಯಾರ್ ರೀ?" ಗಂಡ ತೋರಿಸಿದ. ಉದ್ದನೆಯ, ಗಂಭೀರವಾದ ಅಂಪೈರು, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. ಭುಜದ ಹೊಲಿಗೆ ಸೊಟ್ಟಗಿತ್ತು.

ಆಟ ನೋಡುವ ಹಾಗಿರಲಿಲ್ಲ. ಬೌಲರುಗಳು ಕಡ್ಡಿಯ ಕಾಲಿಗೇ ಚೆಂಡು ಹಾಕುತ್ತಿದ್ದರು, ಅವನು ಅದನ್ನು ಪಾದದ ಬಳಿಯೇ ಸಾಯಿಸುತ್ತಿದ್ದ. ಗಂಟೆ ಕಳೆದರೂ ಆರೇ ರನ್ನು. ಸ್ವಂತ ಊರಿನವರೇ ಶಿಳ್ಳೆ ಹಾಕಿ, "ಕಡ್ಡೀ, ಮನೆಗೆ ಹೋಗೋ!" ಎಂದು ಕೂಗಿದರು. ಒಮ್ಮೆಯಂತೂ ಚೆಂಡು ಮೆಲ್ಲಗೆ, ಹೊಡಿ ಎಂದು ಬೇಡಿಕೊಳ್ಳುವ ಹಾಗೆ ಎಡಗಡೆ ಬಂತು. ಕಡ್ಡಿ ಬ್ಯಾಟ್ ಎತ್ತಿದ, ಕೋಟನ್ನು ಕಂಡ, ಇಳಿಸಿದ. ಕೋಟಿನಮ್ಮ ತುಟಿ ಕಚ್ಚಿಕೊಂಡಳು. ಊರಿಗೆ ಪುಕ್ಕಲನಾಗಿ ಕಂಡ ಹುಡುಗ ಯಾತಕ್ಕೆ ಕೈ ಇಳಿಸುತ್ತಾನೆಂದು ಅಷ್ಟು ಜನರಲ್ಲಿ ಗೊತ್ತಿದ್ದದ್ದು ಆಕೆಗೊಬ್ಬಳಿಗೇ.

ಚಹಾ ವಿರಾಮವಾಯಿತು. ಕಡ್ಡಿ ತಲೆ ತಗ್ಗಿಸಿ ಮೆಟ್ಟಿಲು ಹತ್ತಿ ಬರುತ್ತಿದ್ದವನು ಕಂಬಿಯ ಆಚೆ ತಾಯಿಯನ್ನು ಕಂಡು ನಿಂತುಬಿಟ್ಟ. ಹಿಂದಿನಿಂದ ಬಂದ ಕೋಚ್ ಕಂಡವನೇ ಸೀಟಿಗೆ ಕೈ ಹಾಕಿದ.

ಕೋಟಿನಮ್ಮ ಯಾರನ್ನೂ ಲೆಕ್ಕಿಸಲಿಲ್ಲ. ಚೀಲದಿಂದ ದೊಡ್ಡ ಡಾಕ್ಟರ ಕೋಟನ್ನು ತೆಗೆದು ಕಂಬಿಯ ಮೇಲೆ ಹರವಿದಳು. ಪಕ್ಕದಲ್ಲಿ ಗಂಡ ಆಗಷ್ಟೇ ತುಟಿಗೆ ಒಯ್ದಿದ್ದ ಚಹಾದ ಲೋಟವನ್ನು ಕಿತ್ತುಕೊಂಡು, ಕೋಟಿನ ಎದೆಯ ಮೇಲೆ ಪೂರ್ತಿ ಸುರಿದಳು.

"ಅಮ್ಮಾ!" ಎಂದು ಕಿರುಚಿದ ಕಡ್ಡಿ. "ಅದು ದೊಡ್ಡ ಡಾಕ್ಟ್ರದ್ದು!"

"ಹೌದು. ನಾಳೆ ಬೆಳಿಗ್ಗೆ ಕೊಡ್ಬೇಕು." ಆಕೆ ಚಹಾವನ್ನು ಅಂಗೈಯಲ್ಲಿ ಕೋಟಿನ ತೋಳಿನವರೆಗೂ ಉಜ್ಜಿದಳು. ಜನ್ಮದಲ್ಲಿ ಮಾಡದ ಕೆಲಸ ಅದು. "ಕಲೆ ಆಯ್ತು. ಏನಾಯ್ತೀಗ? ಆಕಾಶ ಕಳಚಿ ಬಿತ್ತಾ? ಒಗೀತೀನಿ. ಒಗೆಯೋದು ನನ್ ಕೆಲ್ಸ, ಹೊಡೆಯೋದು ನಿನ್ ಕೆಲ್ಸ. ನನ್ ಕೆಲ್ಸಕ್ಕೆ ನೀನು ಅಳ್ತಾ ಕೂತ್ರೆ ನಿನ್ ಕೆಲ್ಸ ಮಾಡೋರ್ ಯಾರೋ?"

ಕಡ್ಡಿ ಕೋಟನ್ನು ನೋಡಿದ, ತಾಯಿಯ ಮುಖ ನೋಡಿದ. ಒಳಗೆ ಹೋದ. ಕೋಚ್ ಬಾಯಿಯಿಂದ ಸೀಟಿ ತೆಗೆದು, ಆಕೆಗೆ ತಲೆಬಾಗಿ, ಗಂಡನಿಗೆ ಬೇರೆ ಚಹಾ ತರಿಸಿದ.

ಆಟ ಮತ್ತೆ ಶುರುವಾಯಿತು. ಮೊದಲ ಚೆಂಡು ಕಾಲಿಗೆ. ಕಡ್ಡಿ ತಡೆದ. ಎರಡನೆಯದೂ ಕಾಲಿಗೇ, ಸ್ವಲ್ಪ ಮೇಲೆ, ಸೊಂಟದ ಎತ್ತರಕ್ಕೆ. ಈ ಸಲ ಕಡ್ಡಿ ಹಿಂದೆ ಸರಿದು, ಇಡೀ ಮೈ ತಿರುಗಿಸಿ, ಇಷ್ಟು ವರ್ಷದ ಬಾಕಿಯನ್ನೆಲ್ಲ ಒಟ್ಟಿಗೇ ತೀರಿಸುವವನಂತೆ ಎಡಗಡೆಗೆ ಬೀಸಿದ.

ಚೆಂಡು ಬೇರೆಲ್ಲಿಗೂ ಹೋಗಲಿಲ್ಲ. ನೇರವಾಗಿ ಹೋಗಿ, ತಪ್ಪಿಸಿಕೊಳ್ಳಲು ಬೆನ್ನು ತಿರುಗಿಸಿದ ಅಂಪೈರಿನ ಬೆನ್ನಿಗೆ ಬಡಿಯಿತು. ಆ ಗಂಭೀರ ಮನುಷ್ಯ ಮೊಣಕಾಲೂರಿ ಕೂತ. ಬಿಳಿ ಕೋಟಿನ ನಟ್ಟನಡುವೆ ಕೆಂಪನೆಯ ಗುಂಡು ಗುರುತು. ಇಡೀ ಮೈದಾನ ಒಮ್ಮೆಗೇ ಬಾಯಿ ಮುಚ್ಚಿತು.

ಪಂದ್ಯ ನಿಂತಿರಲಿಲ್ಲ. ಅಂಪೈರಿಗೆ ಬಡಿದ ಚೆಂಡಿಗೂ ಓಡಬಹುದು, ಔಟೂ ಮಾಡಬಹುದು. ಎದುರಿನ ತುದಿಯ ಜೊತೆಗಾರ ಆಗಲೇ ಓಡಿಬರುತ್ತಿದ್ದ, ದೂರದಿಂದ ಒಬ್ಬ ಚೆಂಡಿನತ್ತ ನುಗ್ಗುತ್ತಿದ್ದ. ಕಡ್ಡಿ ಮಾತ್ರ ನಾಲ್ಕು ಹೆಜ್ಜೆ ಇಟ್ಟು ಪಿಚ್ಚಿನ ನಡುವೆ ಕಂಬದ ಹಾಗೆ ನಿಂತಿದ್ದ. ಕೋಟಿನ ಮೇಲಿನ ಕಲೆಯನ್ನು ನೋಡುತ್ತಿದ್ದ. ಅವನ ಬಲಗೈ, ತಪ್ಪಾಯಿತು ಎನ್ನುವಂತೆ, ಮೆಲ್ಲಗೆ ಮೇಲೇಳುತ್ತಿತ್ತು.

ಆಗ ಕೋಟಿನಮ್ಮ ಕುರ್ಚಿಯ ಮೇಲೆ ಹತ್ತಿ ನಿಂತಳು. ಹೊಲಿಗೆ ಮೆಷಿನ್ನಿನ ಸದ್ದನ್ನು ಮೀರಿ ಓಣಿಯ ತುದಿಯವರೆಗೆ ಕೂಗಿ ಕೂಗಿ ಪಳಗಿದ ಗಂಟಲು ಅದು.

"ಓಡೋ ಕಡ್ಡೀ! ಆ ಕೋಟೂ ನಾನೇ ಒಗೀತೀನಿ! ಓಡೋ!"

ಕಡ್ಡಿ ಓಡಿದ. ಹುಚ್ಚು ಹಿಡಿದವನ ಹಾಗೆ ಓಡಿ, ಚೆಂಡು ಬಂದು ವಿಕೆಟ್ ಮುರಿಯುವ ಹೊತ್ತಿಗೆ ಉದ್ದಕ್ಕೆ ಹಾರಿ ಗೆರೆಯೊಳಗೆ ಬಿದ್ದ. ಗಲ್ಲದಿಂದ ಮೊಣಕಾಲಿನವರೆಗೆ ಮಣ್ಣೋ ಮಣ್ಣು. ಇನ್ನೊಬ್ಬ ಅಂಪೈರು ಔಟಲ್ಲ ಎಂದು ತಲೆಯಾಡಿಸಿದ. ಬೆನ್ನಿಗೆ ಪೆಟ್ಟು ತಿಂದವನು ಎದ್ದು ನಿಂತು, ಕೂಗು ಬಂದ ಕಡೆಗೆ ನೋಡಿ, ಸೊಂಟ ಹಿಡಿದುಕೊಂಡೇ ನಕ್ಕುಬಿಟ್ಟ. ಅವನು ನಕ್ಕದ್ದೇ ಅಪ್ಪಣೆಯೆಂಬಂತೆ ಇಡೀ ಮೈದಾನ ನಕ್ಕಿತು, ಚಪ್ಪಾಳೆ ಹೊಡೆಯಿತು.

ಆ ದಿನ ಕಡ್ಡಿ ಕೊನೆಗೆ ಎಷ್ಟು ರನ್ ಮಾಡಿದ, ಅದರಲ್ಲಿ ಎಡಗಡೆಯವೆಷ್ಟು, ಮುಂದಿನ ಪ್ರವಾಸಕ್ಕೆ ಅವನನ್ನು ಹೇಗೆ ಮರುಮಾತಿಲ್ಲದೆ ಆರಿಸಿದರು, ಮಾಜಿ ಆಟಗಾರನ ನಾಲಿಗೆ ಮತ್ತೆ ಯಾವ ಕಡೆಗೆ ಹೊರಳಿತು ಎಂಬುದನ್ನೆಲ್ಲ ಪೇಪರಿನವರು ಬೇಕಾದಷ್ಟು ಬರೆದರು. ಅವರು ಬರೆಯದೆ ಬಿಟ್ಟದ್ದು ಇಷ್ಟೇ. ಕಡ್ಡಿ ಮಣ್ಣು ಕೂಡ ಕೊಡವಿಕೊಳ್ಳದೆ ಎದ್ದು ನಿಂತು ತಾಯಿಯ ಕಡೆಗೆ ಬ್ಯಾಟ್ ಎತ್ತಿದಾಗ, ಕೋಟಿನಮ್ಮ ಕುರ್ಚಿಯಿಂದ ಇಳಿದು ಕೂತು, ತಡೆಯಲಾರದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಗಂಡನಿಗೆ ನಾಚಿಕೆಯಾಯಿತು. ಸುತ್ತಮುತ್ತ ನೋಡಿ ಮೆತ್ತಗೆ ತಿವಿದ.

"ಲೇ, ಎಲ್ಲರೂ ನೋಡ್ತಿದ್ದಾರೆ. ನಿಂಗೆ ಆಟ ಗೊತ್ತಾಗಲ್ಲ, ಅದಕ್ಕೇ. ಅವನು ಹೊಡೆದದ್ದು ಫೋರೂ ಅಲ್ಲ, ಸಿಕ್ಸರೂ ಅಲ್ಲ. ಒಂದು ರನ್ನು. ಒಂದೇ ಒಂದು ರನ್ನಿಗೆ ಯಾರಾದ್ರೂ ಹೀಗೆ ಅಳ್ತಾರೇನೇ?"

"ಎಡಗಡೇದು ಕಣ್ರೀ" ಎಂದು ಕೋಟಿನಮ್ಮ ದೊಡ್ಡ ಡಾಕ್ಟರ ಕೋಟಿನಲ್ಲೇ ಮೂಗು ಒರೆಸಿಕೊಂಡಳು.